ನೀರಿನ ವರದಿಯೂ ಗ್ರಂಥಾಲಯದ ಮೇಜಿಗೆ ಬರಲಿ

ಸೇಡಂ ತಾಲ್ಲೂಕಿನ ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, ಬೆಳಿಗ್ಗೆ ಹಿರಿಯರು ದಿನಪತ್ರಿಕೆ ಓದುತ್ತಾರೆ, ಸಂಜೆ ಪೊಲೀಸ್ ನೇಮಕಾತಿಗೂ ಪಿಡಿಒ ಪರೀಕ್ಷೆಗೂ ತಯಾರಾಗುವ ಹುಡುಗ ಹುಡುಗಿಯರು ಕೂರುತ್ತಾರೆ. ಕಳೆದ ಬೇಸಿಗೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಬಂದ ಅಜ್ಜಿಯೊಬ್ಬರು ಅಲ್ಲಿಯೇ ಕೇಳಿದರು: "ನಮ್ಮ ಓಣಿ ಬೋರಿನ ನೀರು ಚೆಕ್ ಮಾಡ್ಯಾರಂತಲ್ರೀ, ಅದು ಎಲ್ಲಿ ನೋಡಬೇಕ್ರೀ?" ಹುಡುಗನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು; ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಇಂಥ ಗೆರೆಗಳು ಮೂಡಬಹುದು. ಮೇಲ್ವಿಚಾರಕರ ಬಳಿ ಉತ್ತರವಿರಲಿಲ್ಲ. ಕಚೇರಿಯಲ್ಲಿ ವಿಚಾರಿಸಿದಾಗ ವರದಿ ಆನ್‌ಲೈನ್‌ನಲ್ಲಿದೆ ಎಂದರು. ಅಕ್ಷರ ಬಾರದ ಆ ಅಜ್ಜಿಗೆ ಅದರಿಂದ ಏನು ಪ್ರಯೋಜನ?

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಕಾಯಿಸಿದರೆ ನೀರಿನ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಇಷ್ಟನ್ನು ದಪ್ಪ ಅಕ್ಷರಗಳಲ್ಲಿ ಬರೆದು, ಅದರ ಪಕ್ಕದಲ್ಲಿ ಯಾವ ಓಣಿಯ ಬೋರಿಗೆ ಎಷ್ಟು ಬಂದಿದೆ ಎಂಬುದನ್ನು ತಿಂಗಳಿನೊಂದಿಗೆ ನಮೂದಿಸಿ ಗ್ರಂಥಾಲಯದ ಗೋಡೆಗೆ ಹಚ್ಚಿದರೆ, ಓದಲು ಬಾರದವರಿಗೆ ಓದಿ ಹೇಳುವ ಹುಡುಗರು ಅಲ್ಲೇ ಇರುತ್ತಾರೆ. ಜಲ ಜೀವನ್ ಮಿಷನ್‌ನಡಿ ಹಳ್ಳಿಯ ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಟ್ಟಿದ್ದಾರೆ. ನೀರಿಗೆ ಔಷಧ ಬೆರೆಸಿ, ಬಂದ ಬಣ್ಣವನ್ನು ಪಟ್ಟಿಯ ಬಣ್ಣಗಳೊಂದಿಗೆ ಹೋಲಿಸುವ ಆ ಕೆಲಸವನ್ನು ಗ್ರಂಥಾಲಯದ ಮೇಜಿನ ಮೇಲೆ ಎಲ್ಲರ ಕಣ್ಣೆದುರು ಮಾಡಿದರೆ ವರದಿಯ ಮೇಲೆ ಜನರಿಗೆ ನಂಬಿಕೆ ಹುಟ್ಟುತ್ತದೆ. 2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಹಳ್ಳಿಯ ಕುಡಿಯುವ ನೀರೂ ಅದೇ ಇಲಾಖೆಯದು. ಆದ್ದರಿಂದ ಹೊಸ ಕಾನೂನಾಗಲಿ ಹೊಸ ಕಟ್ಟಡವಾಗಲಿ ಇದಕ್ಕೆ ಬೇಕಿಲ್ಲ.

ನೀರಿಗಿಂತಲೂ ಹೆಚ್ಚು ಮುಚ್ಚಿಕೊಂಡಿರುವುದು ಗಣಿ, ಕಾರ್ಖಾನೆಗಳ ಮಾಹಿತಿ. ಸೇಡಂ, ಮಳಖೇಡ, ವಾಡಿ ಸುತ್ತಲಿನದು ಸುಣ್ಣದಕಲ್ಲಿನ ನೆಲ. ಸಿಮೆಂಟಿನ ಧೂಳು ತೊಗರಿ ಹೊಲದವರೆಗೂ ಬರುತ್ತದೆ. ದೊಡ್ಡ ಯೋಜನೆಗಳಿಗೆ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕೆಂದು ಹೇಳುವ 2006ರ ಪರಿಸರ ಪರಿಣಾಮ ಅಧಿಸೂಚನೆಯು, ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕೆಂದೂ, ಯೋಜನೆಯಿಂದ ಪರಿಸರಕ್ಕಾಗುವ ಪರಿಣಾಮದ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದೂ, ಪತ್ರಿಕೆ ತಲುಪದ ಊರುಗಳಲ್ಲಿ ಡಂಗುರ ಸಾರಬಹುದೆಂದೂ ವಿಧಿಸುತ್ತದೆ. ಆ ಸಾರಾಂಶವನ್ನು ಜನರ ಪರಿಶೀಲನೆಗೆ ಇಡಬಹುದಾದ ಜಾಗಗಳಲ್ಲಿ ಸಾರ್ವಜನಿಕ ಗ್ರಂಥಾಲಯದ ಹೆಸರನ್ನೂ ಅದೇ ಹೇಳುತ್ತದೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು, ಏಕೆಂದರೆ ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಅಂಥದೊಂದು ಸಾರಾಂಶವನ್ನು ನಾನು ಕಂಡಿಲ್ಲವಾದರೂ, ಅದನ್ನು ತರಿಸಿ ಎಂದು ಕೇಳಲು ಈಗ ಗಟ್ಟಿ ಆಧಾರವಿದೆ.

ಮುಂದಿನ ಗ್ರಾಮ ಸಭೆಯಲ್ಲಿ ಈ ಎರಡೂ ಬೇಡಿಕೆಗಳನ್ನು ಬರೆದುಕೊಡಬೇಕೆಂದು ಓದುಗರು ಕೆಲವರು ನಿರ್ಧರಿಸಿದ್ದೇವೆ: ನೀರಿನ ಪರೀಕ್ಷೆಯ ಫಲಿತಾಂಶ ಪ್ರತಿ ತಿಂಗಳೂ ಗೋಡೆಗೆ ಬರಬೇಕು, ಯೋಜನೆಯ ಕನ್ನಡ ಸಾರಾಂಶ ಸಭೆಗೆ ಮೊದಲೇ ಮೇಜಿಗೆ ಬರಬೇಕು. ಚಿತ್ತಾಪುರ, ಚಿಂಚೋಳಿ ಕಡೆಯವರೂ ತಮ್ಮ ಪಂಚಾಯಿತಿಗಳಲ್ಲಿ ಇದನ್ನು ಕೇಳಲಿ.