ಫಿಸಿಯೋಗೂ ಡಾಕ್ಟರೇಟ್ ಬೇಕಾ?

ಮುಂಬೈಯ ಮಾಟುಂಗದಿಂದ ಡೊಂಬಿವಿಲಿವರೆಗೆ, ಮಕ್ಕಳನ್ನು ಫಿಸಿಯೋಥೆರಪಿಗೆ ಸೇರಿಸಿದ ಕನ್ನಡದ ಮನೆಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: "ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗೀತಾ ಬಂತು ಸಾರ್, ಅಮೆರಿಕಕ್ಕೆ ಕಳಿಸಿ ಡಿಪಿಟಿ (ಡಾಕ್ಟರ್ ಆಫ್ ಫಿಸಿಕಲ್ ಥೆರಪಿ) ಮಾಡಿಸೋದಾ? ಮುಂದೆ ಇಲ್ಲೂ ಅದೇ ಬರುತ್ತಂತಲ್ಲ?"

ಅಲ್ಲೇ ಕೆಲಸ ಮಾಡುವ ಮನಸ್ಸಿದ್ದರೆ ಯೋಚಿಸಿ. ಮುಂಬೈಗೆ ವಾಪಸ್ ಬಂದು ಬೋರ್ಡಿನ ಮೇಲೆ ಬರೆಸುವುದಕ್ಕಾದರೆ ಬೇಡ.

ಡಿಪಿಟಿ ಅಂದರೆ ಪಿಎಚ್‌ಡಿ ಅಲ್ಲ. ಪದವಿಯಾದ ಮೇಲೆ ಸುಮಾರು ಮೂರು ವರ್ಷದ ಕೋರ್ಸು, ಅದರಲ್ಲಿ ಕನಿಷ್ಠ 30 ವಾರ ಪೂರ್ತಿ ರೋಗಿಗಳ ಜೊತೆ. 1990ರ ದಶಕದಲ್ಲಿ ಶುರುವಾಗಿ 2016ರ ಹೊತ್ತಿಗೆ ಅಲ್ಲಿನ ಎಲ್ಲ ಕಾಲೇಜುಗಳೂ ಅದಕ್ಕೆ ಬದಲಾದವು. ಪದವಿಗೆ ನಾಲ್ಕು, ಡಿಪಿಟಿಗೆ ಮೂರು, ಒಟ್ಟು ಏಳು ವರ್ಷ. ನಮ್ಮ 2025ರ ಪಠ್ಯಕ್ರಮದಲ್ಲಿ ಬಿಪಿಟಿ ಇಂಟರ್ನ್‌ಶಿಪ್ ಸೇರಿ ಐದು, ಎಂಪಿಟಿ (ಸ್ನಾತಕೋತ್ತರ ಪದವಿ) ಎರಡು. ಇದೂ ಏಳೇ! ಇನ್ನು ಕೆಲಸದಲ್ಲಿರುವವರಿಗೆಂದು ಮಾರುವ ಆನ್‌ಲೈನ್ ಟ್ರಾನ್ಸಿಷನಲ್ ಡಿಪಿಟಿ ಲೈಸೆನ್ಸ್ ಅಲ್ಲ. ಅಲ್ಲಿ ರೋಗಿಯನ್ನು ಮುಟ್ಟಬೇಕಾದರೆ ಇಲ್ಲಿನ ಅಂಕಪಟ್ಟಿಗಳ ಮೌಲ್ಯಮಾಪನ, ಎನ್‌ಪಿಟಿಇ ಎಂಬ ಅಲ್ಲಿನ ರಾಷ್ಟ್ರೀಯ ಪರೀಕ್ಷೆ, ಆಮೇಲೆ ಆಯಾ ರಾಜ್ಯದ ಲೈಸೆನ್ಸ್ ಬೇಕೇ ಬೇಕು. ಎಷ್ಟೋ ಜನ ಇದನ್ನು ಫೀಸು ಕಟ್ಟಿದ ಮೇಲೆ ಓದುತ್ತಾರೆ.

ಹಾಗಾದರೆ ಡಾಕ್ಟರೇಟ್ ಮಟ್ಟದ ಕೆಲಸ ಅಂದರೇನು? ನೀ ರಿಪ್ಲೇಸ್‌ಮೆಂಟ್ ಆಗಿ ಹತ್ತು ದಿನ. ಹೋಮ್ ವಿಸಿಟ್‌ಗೆ ಹೋದರೆ ಅಜ್ಜಿಗೆ ಮೀನಖಂಡ ನೋವು, ಮನೆಯವರು ಎಣ್ಣೆ ಬಟ್ಟಲು ಹಿಡಿದು ನಿಂತಿದ್ದಾರೆ, "ಸ್ವಲ್ಪ ತಿಕ್ಕಿಬಿಡಿ." ತಿಕ್ಕಬಾರದು. ಮಂಡಿಚಿಪ್ಪಿನ ಕೆಳಗೆ ಮೂಳೆಯ ಉಬ್ಬು ಕೈಗೆ ಸಿಗುತ್ತದಲ್ಲ, ಅಲ್ಲಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿಗೆ ಟೇಪ್ ಸುತ್ತಬೇಕು. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಆಪರೇಷನ್ ಆದ ಕಾಲು ಹೇಗೂ ಊದಿರುತ್ತದೆ, ಎಲ್ಲರೂ ಎಡವುವುದು ಇಲ್ಲೇ. ಟೇಪ್ 3 ತೋರಿಸದಿದ್ದರೂ ಮುಟ್ಟಿದರೆ ನೋವು, ಒತ್ತಿದರೆ ಗುಳಿ, ಹೊಸ ಬಾವು ಇದ್ದರೆ ಸರ್ಜನ್‌ಗೆ ಅವತ್ತೇ ಫೋನ್, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಬೇರೆ ಡಾಕ್ಟರ ಚೀಟಿ ಇಲ್ಲದೆ ನೇರವಾಗಿ ರೋಗಿ ನೋಡುವ ಹಕ್ಕು ಬೇಕಾದವರಿಗೆ ಈ ವಿವೇಚನೆ ಇರಬೇಕು. ಹೆಸರಿನ ಹಿಂದಿನ "ಡಾ." ಜಗಳ ಬೇರೆಯದೇ ಕತೆ: 2025ರ ಸೆಪ್ಟೆಂಬರ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಫಿಸಿಯೋಗಳು ಅದನ್ನು ಹಾಕಬಾರದು ಎಂದು ಪತ್ರ ಬರೆಯಿತು, ಮಾರನೇ ದಿನವೇ ಆ ಪತ್ರವನ್ನು ಹಿಂಪಡೆಯಿತು.

ಇಲ್ಲೂ ಡಿಪಿಟಿ ಬಂದು, ಆ 30 ವಾರ ಮಾತ್ರ ಬರದಿದ್ದರೆ ಹೆಚ್ಚುವುದು ಫೀಸೊಂದೇ. ಅದಕ್ಕೇ ಕಾಲೇಜು ನೋಡಲು ಹೋದಾಗ ಬ್ರೋಷರ್ ಬಿಟ್ಟು ಒಪಿಡಿಯಲ್ಲಿ ಅರ್ಧ ಗಂಟೆ ನಿಲ್ಲಿ. ವಿದ್ಯಾರ್ಥಿ ಗೋನಿಯೋಮೀಟರ್ ಹಿಡಿದು ತಾನೇ ಕೀಲು ಅಳೆದು ಬರೆದುಕೊಳ್ಳುತ್ತಿದ್ದಾನಾ, ಇಲ್ಲಾ ಐಎಫ್‌ಟಿ (ನೋವಿಗೆ ಕೊಡುವ ಕರೆಂಟ್) ಪ್ಯಾಡ್ ಅಂಟಿಸಿ, ಟೈಮರ್ ತಿರುಗಿಸಿ, ಮೊಬೈಲ್ ನೋಡುತ್ತಾ ಕೂತಿದ್ದಾನಾ?