ನೈಂಟಿ ಅಂದರೆ ಎಷ್ಟು?

ಮೈಸೂರು
18 ಜನವರಿ 2025, ಶನಿವಾರ

ಎರಡು ದಿನದ ತರಬೇತಿ ಇವತ್ತು ಸಂಜೆ ಮುಗಿಯಿತು. ಕುಡಿತ, ಗಾಂಜಾ, ಮಾತ್ರೆಗಳ ಚಟದ ಬಗ್ಗೆ ಸಂಶೋಧನೆ ಮಾಡುವ ಯೋಜನೆಗಳಲ್ಲಿ ದುಡಿಯುವ ನಾವು ಹನ್ನೊಂದು ಜನ ಇದ್ದೆವು. ಕೂತು ಕೂತು ಬೆನ್ನು ಹಿಡಿದುಕೊಂಡಿದೆ. ಆದರೂ ಬರೆಯದೆ ಮಲಗಲು ಮನಸ್ಸು ಬರುತ್ತಿಲ್ಲ.

ನಿನ್ನೆ ಪೂರ್ತಿ ಅಂಕಿಅಂಶ, ಸಾಫ್ಟ್‌ವೇರ್, ಒಪ್ಪಿಗೆ ಪತ್ರ. ಅದೂ ಬೇಕು. ಆದರೆ ನನಗೆ ಪಾಠ ಶುರುವಾಗಿದ್ದು ಇವತ್ತು ಬೆಳಿಗ್ಗೆ. ಮಂಡ್ಯದ ಕಡೆಯ ಹಿರಿಯರೊಬ್ಬರು ಬಂದಿದ್ದರು. ಆಲೆಮನೆಯಲ್ಲಿ ಬೆಲ್ಲ ಕಾಯಿಸುವವರು. ಕುಡಿತ ಬಿಟ್ಟು ಆರು ವರ್ಷ ಆಗಿದೆಯಂತೆ. "ಆವಾಗ ಹೆಂಗಿದ್ನೋ ಹಂಗೇ ಉತ್ರ ಕೊಡ್ತೀನಿ, ಕೇಳ್ರವ್ವ" ಅಂತ ಕುರ್ಚಿ ಎಳೆದುಕೊಂಡು ಕೂತರು. ಮೊದಲ ಸರದಿ ನನ್ನದು.

ಕೈಯಲ್ಲಿ ಕುಡಿತ ಎಷ್ಟು ಮಿತಿಮೀರಿದೆ ಅಂತ ಅಳೆಯುವ ಆಡಿಟ್ ಪ್ರಶ್ನಾವಳಿ. ವಿಶ್ವ ಆರೋಗ್ಯ ಸಂಸ್ಥೆಯದು. 10 ಪ್ರಶ್ನೆ, ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕುಡಿತ ಅಪಾಯದ ಕಡೆ ಹೊರಳಿದೆ ಅಂತ ಲೆಕ್ಕ. ಕುಡಿಯುವ ದಿನ ಎಷ್ಟು ಡ್ರಿಂಕ್ ಆಗುತ್ತೆ ಅನ್ನುವುದು ಎರಡನೇ ಪ್ರಶ್ನೆ.

"ಜಾಸ್ತಿ ಏನಿಲ್ಲ ಕಣವ್ವ. ಎರಡು ನೈಂಟಿ, ಅಷ್ಟೇಯ."

ನಾನು 2 ಅಂತ ಬರೆದೆ. ಹಿಂದೆ ನಿಂತಿದ್ದ ಡಾಕ್ಟರ್ ಮೇಡಂ ನನ್ನ ಪೆನ್ನಿನ ಮೇಲೆ ಬೆರಳಿಟ್ಟರು. ಒಂದು ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್. ನಮ್ಮಲ್ಲಿ ಸಿಗುವ ವಿಸ್ಕಿ, ರಮ್‌ನಲ್ಲಿ ಅದು ಸುಮಾರು 30 ಎಂಎಲ್. ಹಾಗಾದರೆ 90 ಎಂಎಲ್‌ನ ಒಂದು ಪ್ಯಾಕೆಟ್ ಮೂರು ಡ್ರಿಂಕ್, ಎರಡು ಪ್ಯಾಕೆಟ್ ಆರು. 2 ಅಂತ ಬರೆದರೆ ಆ ಪ್ರಶ್ನೆಗೆ ಸೊನ್ನೆ ಅಂಕ. 6 ಅಂತ ಬರೆದರೆ ಎರಡು ಅಂಕ. ಎರಡೇ ಅಲ್ವಾ ಅನ್ನಿಸಬಹುದು. ಆರರಲ್ಲಿ ನಿಂತವರು ಎಂಟಕ್ಕೆ ಬರುವುದು ಆ ಎರಡರಿಂದಲೇ. ಇಷ್ಟು ದಿನ ಎಷ್ಟು ಫಾರಂಗಳಲ್ಲಿ ಹೀಗೆ ಬರೆದಿದ್ದೇನೋ ಅಂತ ಹೊಟ್ಟೆಯಲ್ಲಿ ಸಂಕಟವಾಯಿತು.

ಆಮೇಲೆ ಮೇಜಿನ ಮೇಲೆ ಗೋಡೆ ಕ್ಯಾಲೆಂಡರ್ ಹರಡಿದರು. ಸೋಬೆಲ್ ದಂಪತಿ ಅನ್ನುವ ಮನಶ್ಶಾಸ್ತ್ರಜ್ಞರು ರೂಪಿಸಿದ ವಿಧಾನ ಇದು. ಕಳೆದ 90 ದಿನದಲ್ಲಿ ಎಷ್ಟು ದಿನ ಕುಡಿದಿರಿ ಅಂತ ಸುಮ್ನೆ ಕೇಳಿದರೆ ಯಾರಿಗೆ ನೆನಪಿರುತ್ತೆ? ನೆನಪಿರುವ ದಿನಗಳನ್ನು ಮೊದಲು ಗುರುತು ಮಾಡಿಕೊಂಡು, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋಗಬೇಕು. ಹಿರಿಯರು ಬಾಯಲ್ಲಿ ಹೇಳಿದ್ದು "ವಾರಕ್ಕೆ ಎರಡು ಸಲ". ಅವರ ಆವಾಗಿನ ಕುಡಿತವನ್ನು ಈಗಿನ ಕ್ಯಾಲೆಂಡರ್‌ಗೆ ಹೊಂದಿಸಿ, ದೀಪಾವಳಿಯಿಂದ ಶುರು ಮಾಡಿದೆವು. ಎಸ್.ಎಂ. ಕೃಷ್ಣ ತೀರಿಕೊಂಡ ದಿನ, ಡಿಸೆಂಬರ್ 10. ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ನಡೆದ ಮೂರು ದಿನ. ಹಸು ಎತ್ತಿಗೆ ಕಿಚ್ಚು ಹಾಯಿಸಿದ ಸಂಕ್ರಾಂತಿ ಸಂಜೆ. ಆಲೆಮನೆ ಕೂಲಿ ಬಟವಾಡೆ ಆಗುವ ದಿನ, ಅದರ ಮಾರನೇ ದಿನ. ಒಂದೊಂದೇ ಚೌಕಕ್ಕೆ ಟಿಕ್ ಹಾಕುತ್ತಾ ಹೋದರೆ 58 ಆಯಿತು. ವಾರಕ್ಕೆ ಎರಡು ಅಂದರೆ 26 ಆಗಬೇಕಿತ್ತು. "ಸುಳ್ಳು ಹೇಳ್ತಿರ್ಲಿಲ್ಲ ಕಣವ್ವ, ನಂಗೆ ಹಂಗೇ ಅನ್ಸೋದು" ಅಂದರು.

ಊಟ ಆದ ಮೇಲೆ ಕುಡಿತ ನಿಲ್ಲಿಸಿದಾಗ ದೇಹಕ್ಕೆ ಏನಾಗುತ್ತೆ ಅನ್ನುವ ಪಾಠ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೆಲವೇ ಗಂಟೆಯಲ್ಲಿ ಕೈ ನಡುಗಬಹುದು, ಬೆವರಬಹುದು. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡು ಮೂರು ದಿನದಲ್ಲಿ ಕೆಲವರಿಗೆ ಎಲ್ಲಿದ್ದೀವಿ ಅನ್ನುವುದೇ ಗೊತ್ತಾಗದಂತಾಗಿ, ಇಲ್ಲದ್ದು ಕಾಣಿಸುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ.

ನನಗೆ ಪೆನ್ನು ಓಡಲಿಲ್ಲ.

ಎರಡು ವರ್ಷದ ಹಿಂದೆ, ನನ್ನ ಮೊದಲ ಯೋಜನೆ. ಒಂದು ಹಳ್ಳಿ, ಒಂದು ಜಗಲಿ. ಆ ಅಣ್ಣನಿಗೆ ಸಹಿ ಹಾಕಲು ಪೆನ್ನು ಕೊಟ್ಟೆ. ಪೆನ್ನು ಕಾಗದದ ಮೇಲೆ ನಿಲ್ಲಲೇ ಇಲ್ಲ, ಅಷ್ಟು ನಡುಕ. ಹರಕೆ ಹೊತ್ತು ಹಿಂದಿನ ದಿನದಿಂದ ಕುಡಿತ ನಿಲ್ಲಿಸಿದ್ದೀನಿ ಅಂದರು. ನಾನು "ತುಂಬಾ ಒಳ್ಳೇದಣ್ಣ" ಅಂದು, ಹೆಬ್ಬೆಟ್ಟು ಒತ್ತಿಸಿಕೊಂಡು, ನಲವತ್ತು ನಿಮಿಷ ಪ್ರಶ್ನೆ ಕೇಳಿದೆ. ಅವತ್ತು ರಾತ್ರಿ ಅವರಿಗೆ ಫಿಟ್ಸ್ ಬಂದು ಆಸ್ಪತ್ರೆಗೆ ಸಾಗಿಸಿದರು. ಉಳಿದುಕೊಂಡರು. ಅವರ ಹೆಂಡತಿ ಮಾರನೇ ವಾರ ಸಿಕ್ಕಾಗ ನನ್ನ ಮೇಲೆ ಕೋಪವನ್ನೇ ಮಾಡಲಿಲ್ಲ. ಅದೇ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಆ ಯೋಜನೆಯಲ್ಲಿ ನನಗೆ ಸಿಕ್ಕ ತರಬೇತಿ ಎರಡೇ ಗಂಟೆ, ಟ್ಯಾಬ್‌ನಲ್ಲಿ ಆ್ಯಪ್ ತುಂಬುವುದು ಹೇಗೆ ಅಂತ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಿಗೆ ವ್ಯಸನ ಚಿಕಿತ್ಸೆಯಲ್ಲೇ ಡಿಎಂ ಅನ್ನುವ ಉನ್ನತ ಪದವಿ ಇದೆ. 1974ರಲ್ಲಿ ಶುರುವಾದ, ಮಾದಕ ವ್ಯಸನದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನೀಡಾ ಸಂಸ್ಥೆ ಬೇರೆ ದೇಶದ ಸಂಶೋಧಕರಿಗೂ ಫೆಲೋಶಿಪ್ ಕೊಟ್ಟಿದೆ. ಇವೆಲ್ಲ ಇರಲೇಬೇಕು. ಆದರೆ ಬಾಗಿಲು ತಟ್ಟುವವರು ನಾವು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ ಅಂತ 2019ರಲ್ಲಿ ಬಂದ ಕೇಂದ್ರ ಸರ್ಕಾರದ ವರದಿ ಹೇಳಿತಲ್ಲ, ಆ ಅಂಕಿಯ ಹಿಂದೆಯೂ ಮನೆಮನೆಗೆ ಹೋಗಿ ಕೇಳಿದವರಿದ್ದಾರೆ. ಆ ನಡುಗುವ ಕೈಯನ್ನು ಮೊದಲು ನೋಡುವವರು ನಾವೇ. ನೋಡಿದ್ದು ಏನು ಅಂತ ಗೊತ್ತಾಗುವುದು ಬೇಡವಾ?

ಮುಂದಿನ ತಿಂಗಳು ನಮ್ಮ ತಂಡಕ್ಕೆ ಇಬ್ಬರು ಹುಡುಗಿಯರು ಸೇರುತ್ತಿದ್ದಾರೆ. ಈಗಷ್ಟೇ ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿದವರು. ಹಳ್ಳಿಗೆ ಕಳಿಸುವ ಮುಂಚೆ ಅವರಿಗೆ ಎರಡು ದಿನ ಹೀಗೇ ಕಲಿಸಬೇಕು, ಹತ್ತಿರದ ಆಸ್ಪತ್ರೆಯ ನಂಬರು ಮತ್ತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದ ಚೀಟಿ ಇಲ್ಲದೆ ಯಾರೂ ಫೀಲ್ಡಿಗೆ ಇಳಿಯಬಾರದು ಅಂತ ಗೈಡ್‌ಗೆ ಈಗ ತಾನೇ ಮೇಲ್ ಹಾಕಿದೆ. ಆ ಹುಡುಗಿಯರಿಗೂ ಹೀಗೇ ಕಲಿಸಲು ಬರ್ತೀರಾ ಅಂತ ಹಿರಿಯರನ್ನು ಬಸ್ ಹತ್ತಿಸುವಾಗಲೇ ಕೇಳಿದ್ದೆ. "ಆಲೆ ಬಿಡುವಿರೋ ದಿನ ನೋಡ್ಕಂಡು ಕರಿಯವ್ವ, ಬತ್ತೀನಿ" ಅಂದಿದ್ದಾರೆ.