ನಾಯಿ ಇಲ್ಲದ ಮನೆಯಲ್ಲಿ ಚಿಗಟ

"ನಾಯಿ ಸಾಕಿದ್ರ ಹಿಂಗ ಆಗೋದು." ಮನೆ ಮಾಲಕಿ ಆಂಟಿಯ ಈ ಮಾತು ವಾರವಿಡೀ ತಲೆಯಲ್ಲಿ ತಿರುಗುತ್ತಿದೆ. ಆಗ ನಮ್ಮ ನಾಯಿ ರಾಜ ಮನೆಯಲ್ಲೇ ಇರಲಿಲ್ಲ! ರಜೆಗೆ ಸಿಂಧನೂರಿಗೆ ಹೋದವರು ಅವನನ್ನು ತಮ್ಮನ ಹತ್ತಿರ ಬಿಟ್ಟು ರಾಯಚೂರಿಗೆ ವಾಪಸ್ ಬಂದಿದ್ದೆವು. ಬೀಗ ತೆಗೆದು ಪಡಸಾಲೆಗೆ ಕಾಲಿಟ್ಟಿದ್ದೇ ತಡ, ಹಿಮ್ಮಡಿ ಚುರ್ ಅಂತು. ಬಗ್ಗಿ ನೋಡಿದರೆ ಬಿಳಿ ಸಾಕ್ಸ್ ಮೇಲೆ ಎಳ್ಳು ಚೆಲ್ಲಿದ ಹಾಗೆ ಚಿಗಟ.

"ನಾಯಿ ಊರಾಗ ಐತಲ್ರಿ ಆಂಟಿ, ಮತ್ತ ಇವು ಎಲ್ಲಿಂದ ಬಂದ್ವು?" ಅಂದೆ. ಅದಕ್ಕೂ ಅದೇ ಉತ್ತರ, "ನಾಯಿ ಸಾಕಿದ್ರ ಹಿಂಗ ಆಗೋದು." ಒಳ್ಳೆಯವರೇ, ಆದರೆ ನಲ್ಲಿಯಲ್ಲಿ ನೀರು ಬರದಿದ್ದರೂ ರಾಜನದೇ ತಪ್ಪು ಅನ್ನುವ ಪೈಕಿ.

ಪಶು ವೈದ್ಯರ ಹತ್ತಿರ ನಾಯಿ ಇಲ್ಲದೇ ಹೋದೆ. ಅವರು ಕೇಳಿದ್ದು ಒಂದೇ, "ನಾಯಿ ಎಲ್ಲಿ ಮಲಗತದ?"

ಚಿಗಟ ರಕ್ತ ಕುಡಿಯೋದು ನಾಯಿ ಮೈಮೇಲೆ, ಮೊಟ್ಟೆಯೂ ಅಲ್ಲೇ ಇಡುತ್ತೆ. ಆದರೆ ಮೊಟ್ಟೆ ಕೂದಲಿಗೆ ಅಂಟಲ್ಲ, ನಾಯಿ ಓಡಾಡಿದಲ್ಲೆಲ್ಲ ಉದುರುತ್ತೆ. ಮರಿಹುಳು ಬೆಳಕು ಕಂಡರೆ ಕತ್ತಲಿಗೆ ಸರಿಯುತ್ತೆ. ನಮ್ಮೂರ ಬಿಸಿಲಿಗೆ ಅಂಗಳದಲ್ಲಿ ಬಿದ್ದದ್ದು ಬದುಕೋದು ಕಷ್ಟ. ಮಂಚದ ಕೆಳಗೆ, ಪರಸಿ ಕಲ್ಲಿನ ಸಂದಿಯಲ್ಲಿ ಬಿದ್ದದ್ದಕ್ಕೆ ತಂಪೋ ತಂಪು. ಆಮೇಲೆ ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಕಾಯುತ್ತಂತೆ. ಹೆಜ್ಜೆಯ ಅದುರು, ಮೈ ಬಿಸಿ, ಉಸಿರು ತಾಗಿದರೆ ಎದ್ದು ಹೊರಗೆ. ಅಂದರೆ ಅವತ್ತು ಬಾಗಿಲು ತೆಗೆದು ಅವನ್ನು ಎಬ್ಬಿಸಿದ್ದು ನಾವೇ.

ಮೂಲೆಯಲ್ಲಿ ರಾಜ ಮಲಗುವ ಹಳೇ ಕೌದಿ ಎತ್ತಿದೆ. ಹೊಲಿಗೆಯ ಉದ್ದಕ್ಕೂ ಕರಿ ಪುಡಿ. ಒದ್ದೆ ಬಿಳಿ ಬಟ್ಟೆಗೆ ಒರೆಸಿದರೆ ಕೆಂಪಗೆ ಬಿಟ್ಟುಕೊಂಡಿತು. ಚಿಗಟದ ಹಿಕ್ಕೆ, ಅದರಲ್ಲಿ ರಾಜನದೇ ರಕ್ತ. ಮರಿಹುಳುಗಳಿಗೆ ಊಟ ಅದೇ. ಅವ್ವ ಕೌದಿ ಎಸೆಯೋಕೆ ಬಿಡಲಿಲ್ಲ, ಕುದಿಯುವ ನೀರಲ್ಲಿ ಅದ್ದಿ ಮಾಳಿಗೆ ಮೇಲೆ ಒಣಗಹಾಕಿದಳು. ನಾನು ಸಂದಿಗಳನ್ನು ಕೆರೆದು ಕೆರೆದು ಗುಡಿಸಿದೆ. ಹಗಲೆಲ್ಲ ಗೇಟು ಕಾಯೋನು ರಾಜ, ರಕ್ತ ಕೊಟ್ಟೋನೂ ರಾಜ, ಬೈಸಿಕೊಳ್ಳೋನೂ ಅವನೇ. ಬಾಯಿಲ್ಲದೋರ ಮೇಲೆ ತಪ್ಪು ಹೊರಿಸೋದು ಎಷ್ಟು ಸಲೀಸು ಅಲ್ವಾ?

ವೈದ್ಯರು ಇನ್ನೊಂದು ಮಾತು ಹೇಳಿದ್ದರು. ನಾಯಿ ಮೈಮೇಲೂ ಜಾಸ್ತಿ ಸಿಗೋದು ಬೆಕ್ಕಿನ ಚಿಗಟವೇ ಅಂತೆ. ಆಂಟಿ ದಿನಾ ಹಾಲು ಹಾಕುವ ಬೆಕ್ಕು ನಮ್ಮ ಮೆಟ್ಟಿಲ ಕೆಳಗೇ ಮಲಗುತ್ತೆ. ಸುಮ್ನೆ ಇರಲಾರದೆ ಹೇಳಿಬಿಟ್ಟೆ. "ಏ, ನಮ್ ಬೆಕ್ಕು ಭಾಳ ಸ್ವಚ್ಛ ಐತ್ರಿ" ಅಂದರು. ಕಲ್ಲಿನ ಸಂದಿಗೆ ಸಿಮೆಂಟು ಹಾಕಿಸ್ರಿ ಅಂದಿದ್ದಕ್ಕೆ ಮಾತ್ರ ಬಾಡಿಗೆ ಸುದ್ದಿ ತೆಗೆದರು.